ವಿಶ್ವ ಅಂದ್ರೆ ಯಾವುದು? ಕಾರವಾರದ ಬೀಚಲ್ಲಿ ಆಕಾಶ ನೋಡುವಾಗ ಪದೇ ಪದೇ ಕೇಳೋ ಪ್ರಶ್ನೆಗಳು

ಮಳೆಗಾಲ ಮುಗಿದ ಮೇಲೆ ಅಮಾವಾಸ್ಯೆ ಆಸುಪಾಸಿನ ಶನಿವಾರ ನಾವು ಒಂದಷ್ಟು ಜನ ಕಾರವಾರದ ಬೀಚಲ್ಲಿ, ಒಮ್ಮೊಮ್ಮೆ ದೇವಬಾಗ ಕಡೆ, ಆರು ಇಂಚಿನ ಒಂದು ಟೆಲಿಸ್ಕೋಪ್ ಇಟ್ಕೊಂಡು ಕೂರ್ತೇವೆ, ವಾಕಿಂಗ್ ಬಂದವರು, ಕಾಲೇಜ್ ಹುಡುಗ್ರು, ಬೋಟಿಂದ ಇಳಿದು ಮನೆಗೆ ಹೊರಟವರು ಎಲ್ಲ ನಿಂತು ನೋಡ್ತಾರೆ. ಶನಿಯ ಬಳೆ, ಗುರುವಿನ ಚಂದ್ರಗಳು ಅಂದ್ರೆ ಉತ್ತರ ಸುಲಭ. ಆದ್ರೆ ಒಂಬತ್ತು ಗಂಟೆ ದಾಟಿ ಜನ ಕಡಿಮೆ ಆದ್ಮೇಲೆ ಉಳಿದವರ ಮಾತು ಯಾವಾಗ್ಲೂ ಒಂದೇ ಕಡೆ ತಿರುಗ್ತದೆ: ಇದೆಲ್ಲ ಸೇರಿದ್ರೆ ಏನು, ವಿಶ್ವ ಅಂತೀವಲ್ಲ ಅದು ಯಾವುದು? ಕತ್ತಲಲ್ಲಿ ನಿಂತು ಅರ್ಧಂಬರ್ಧ ಕೊಟ್ಟ ಉತ್ತರಗಳನ್ನ ಸಮಾಧಾನದಲ್ಲಿ ಬರೆದಿಡಬೇಕು ಅಂತ ತುಂಬಾ ದಿನದಿಂದ ಇತ್ತು.

ಒಂದೇ ಸಾಲಲ್ಲಿ ಹೇಳಿ, ವಿಶ್ವ ಅಂದ್ರೆ ಏನು?

ಇರೋದೆಲ್ಲ. ಆದ್ರೆ ಈ ಒಂದು ಪದದೊಳಗೇ ಎರಡು ಜಗಳ ಕೂತಿವೆ. 'ಇರೋದು' ಅಂದ್ರೆ ಯಾವುದು ಅಂತ ತತ್ವಶಾಸ್ತ್ರದವರು ಹಿಡ್ಕೊಳ್ತಾರೆ, 'ಎಲ್ಲ' ಅಂದ್ರೆ ಎಲ್ಲಿಯವರೆಗೆ ಅಂತ ವಿಜ್ಞಾನದವರು ಹಿಡ್ಕೊಳ್ತಾರೆ.

ಡಿಕ್ಷನರಿಯಲ್ಲಿ ಅರ್ಥ ಇದೆಯಲ್ಲ, ಮತ್ತೆ ವ್ಯಾಖ್ಯೆ ಕೊಡೋಕೆ ಕಷ್ಟ ಏನು?

ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಇದೇ ಮೂಲ ಗಂಟು.

ನಮ್ಮ ಮನೆ ಶಿರಸಿ ಕಡೆ. ಅಜ್ಜ ಸ್ವಲ್ಪ ತರ್ಕ ಓದಿದವರು, ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ನಂಗೆ ಲಕ್ಷಣದ, ಅಂದ್ರೆ ವ್ಯಾಖ್ಯೆ ಕೊಡೋದರ, ಪಾಠ ಹೇಳಿದ್ರು. ಹಸು ಅಂದ್ರೆ ಯಾವುದು ಹೇಳು ಅಂದ್ರು. ಕೆಂಪಗಿರೋದು ಅಂದೆ, ಯಾಕಂದ್ರೆ ಎದುರಿಗಿದ್ದ ಮಲೆನಾಡು ಗಿಡ್ಡ ಕೆಂಪಗಿತ್ತು. ಹಂಗಾದ್ರೆ ಆಚೆ ಕಟ್ಟಿದ ಕಪ್ಪು ದನ ಹಸು ಅಲ್ವಾ, ಅಂದ್ರು. ಅದು ಅವ್ಯಾಪ್ತಿ, ಒಳಗೆ ಬರಬೇಕಾದದ್ದು ಹೊರಗುಳೀತು. ಕೊಂಬಿರೋದು ಅಂದೆ. ಎಮ್ಮೆಗೂ ಇದೆ. ಅದು ಅತಿವ್ಯಾಪ್ತಿ, ಹೊರಗಿರಬೇಕಾದದ್ದು ಒಳಗೆ ಬಂತು. ಸೀಳಿಲ್ಲದ ಒಂಟಿ ಗೊರಸು ಅಂದ್ರೆ ಅದು ಯಾವ ಹಸುವಿಗೂ ಇಲ್ಲ, ಅಸಂಭವ. ಆಮೇಲೆ ಕೈ ಹಿಡಿದು ಹಸುವಿನ ಕುತ್ತಿಗೆ ಕೆಳಗೆ ಜೋತಾಡೋ ಆ ಮೆತ್ತನೆ ಚರ್ಮ ಮುಟ್ಟಿಸಿದ್ರು, ಗಂಗೆದೊಗಲು, ಶಾಸ್ತ್ರದಲ್ಲಿ ಸಾಸ್ನಾ ಅಂತಾರೆ, ಇದು ಇರೋದೇ ಹಸು ಅಂದ್ರು. ಬೆಚ್ಚಗಿತ್ತು, ಇವತ್ತಿಗೂ ಬೆರಳಲ್ಲಿ ನೆನಪಿದೆ.

ಈಗ ನೋಡಿ, ಆ ಇಡೀ ಪಾಠ ನಡೆದದ್ದು ಹಸುವಿನ ಪಕ್ಕ ಎಮ್ಮೆ ಇದ್ದಿದ್ದರಿಂದ. ವ್ಯಾಖ್ಯೆ ಅಂದ್ರೆ ಬೇಲಿ ಹಾಕಿದ ಹಾಗೆ, ಬೇಲಿಗೆ ಎರಡು ಮಗ್ಗುಲು ಬೇಕು, ಈಚೆ ನಮ್ಮ ತೋಟ ಆಚೆ ಬೇರೆಯವರದ್ದು. ವಿಶ್ವಕ್ಕೆ ಆಚೆ ಮಗ್ಗುಲೇ ಇಲ್ಲ. 'ವಿಶ್ವ ಅಲ್ಲದ್ದು' ಅಂತ ಒಂದು ವಸ್ತು ತೋರಿಸಿ ಅಂದ್ರೆ ಯಾರಿಗೂ ಆಗಲ್ಲ, ತೋರಿಸಿದ ಕೂಡ್ಲೆ ಅದೂ ವಿಶ್ವದೊಳಗೇ ಬಂತು. ಅತಿವ್ಯಾಪ್ತಿ ಆಗೋಕೆ ಸಾಧ್ಯನೇ ಇಲ್ಲದ ಕಡೆ ಲಕ್ಷಣಕ್ಕೆ ಕೆಲಸ ಏನು? ನಮ್ಮ ನೈಯಾಯಿಕರಿಗೆ, ಅಂದ್ರೆ ನ್ಯಾಯ ದರ್ಶನದ ತರ್ಕ ಪಂಡಿತರಿಗೆ, ಈ ತೊಂದರೆ ಗೊತ್ತಿತ್ತು, ಎಲ್ಲಾ ಕಡೆ ಇರೋ, ಎಲ್ಲೂ ಇಲ್ಲ ಅನ್ನೋಕೆ ಬಾರದ ಧರ್ಮಗಳಿಗೆ ಕೇವಲಾನ್ವಯಿ ಅಂತ ಬೇರೆಯೇ ಹೆಸರಿಟ್ರು. ತಿಳಿಯೋಕೆ ಆಗೋದು ಅನ್ನೋದು ಅಂಥ ಒಂದು ಧರ್ಮ, ಹೆಸರಿಡೋಕೆ ಆಗೋದು ಅನ್ನೋದು ಇನ್ನೊಂದು. ಅವಕ್ಕೆ ವಿರುದ್ಧ ಉದಾಹರಣೆ ಸಿಗಲ್ಲ.

ಡಿಕ್ಷನರಿ ಕೊಡೋದು ಒಂದು ಪದಕ್ಕೆ ಇನ್ನೊಂದು ಪದ. ಅದು ತಪ್ಪಲ್ಲ, ಆದ್ರೆ ಬೇಲಿ ಅಲ್ಲ.

ಪ್ಲೂಟೋ ಗ್ರಹ ಅಲ್ಲ ಅಂತ ವೋಟ್ ಹಾಕಿ ತೀರ್ಮಾನ ಮಾಡಿದ್ರಲ್ಲ, ಹಂಗೇ ವಿಶ್ವಕ್ಕೂ ಮಾಡಬಹುದಲ್ವಾ?

2006ರ ಆಗಸ್ಟ್ 24ಕ್ಕೆ ಪ್ರಾಗ್‌ನಲ್ಲಿ ಖಗೋಳ ವಿಜ್ಞಾನಿಗಳು ಗ್ರಹಕ್ಕೆ ಮೂರು ಷರತ್ತು ಹಾಕಿದ್ರು, ಸೂರ್ಯನ ಸುತ್ತ ತಿರುಗಬೇಕು, ತನ್ನ ತೂಕಕ್ಕೆ ತಾನೇ ದುಂಡಗಾಗಿರಬೇಕು, ತನ್ನ ದಾರಿ ಕ್ಲೀನ್ ಮಾಡ್ಕೊಂಡಿರಬೇಕು. ಮೂರನೆಯದ್ದರಲ್ಲಿ ಪ್ಲೂಟೋ ಫೇಲಾಯ್ತು. ಅಲ್ಲಿ ಗ್ರಹ, ಕುಬ್ಜ ಗ್ರಹ, ಕ್ಷುದ್ರಗ್ರಹ ಅಂತ ಅಕ್ಕಪಕ್ಕ ಇಡೋಕೆ ಹಲವು ಇದ್ವು. ವಿಶ್ವದ ಪಕ್ಕ ಇಡೋಕೆ ಏನಿದೆ?

ವಿಶ್ವ, ಜಗತ್ತು, ಲೋಕ, ಪ್ರಪಂಚ, ಬ್ರಹ್ಮಾಂಡ ಎಲ್ಲ ಒಂದೇನಾ?

ದಿನದ ಮಾತಲ್ಲಿ ಒಂದೇ. ಆದ್ರೆ ಒಂದೊಂದು ಪದ ಒಂದೊಂದು ಕಡೆಯಿಂದ ನೋಡ್ತದೆ, ನಂಗೆ ಇದು ತುಂಬಾ ಇಷ್ಟದ ವಿಷಯ. ವಿಶ್ವ ಅಂದ್ರೆ ಎಲ್ಲ, ಅಷ್ಟೇ. ಜಗತ್ತು ಅಂದ್ರೆ ಚಲಿಸ್ತಾ ಇರೋದು, ಹೋಗ್ತಾ ಇರೋದು. ಲೋಕ ಅನ್ನೋದನ್ನ ವ್ಯಾಕರಣದವರು ನೋಡೋದು ಅನ್ನೋ ಧಾತುವಿಂದ ತರ್ತಾರೆ, ಅವಲೋಕನ ಅಂತೀವಲ್ಲ ಅದೇ, ಅಂದ್ರೆ ಕಾಣೋದು ಲೋಕ. ಪ್ರಪಂಚ ಅಂದ್ರೆ ಹರಡಿಕೊಂಡದ್ದು. ಬ್ರಹ್ಮಾಂಡ ಅಂದ್ರೆ ಮೊಟ್ಟೆ, ಅದಕ್ಕೆ ಚಿಪ್ಪಿದೆ, ಹಾಗಾಗಿ ಪುರಾಣದಲ್ಲಿ ಅನೇಕ ಕೋಟಿ ಬ್ರಹ್ಮಾಂಡ ಅಂತ ಬಹುವಚನ ಸಲೀಸಾಗಿ ಬರ್ತದೆ. ಇಂಗ್ಲಿಷಿನ ಯೂನಿವರ್ಸ್ ಲ್ಯಾಟಿನ್ ಮೂಲದ್ದು, ಒಂದಾಗಿ ತಿರುಗಿದ್ದು ಅಂತ. ಗ್ರೀಕರ ಕಾಸ್ಮೋಸ್ ಅಂದ್ರೆ ಓರಣ, ಅಲಂಕಾರ, ಮುಖಕ್ಕೆ ಹಚ್ಚೋ ಕಾಸ್ಮೆಟಿಕ್‌ಗೂ ಅದೇ ಬೇರು.

ಎಲ್ಲಾ ಇರೋದು, ಕಾಣೋದು, ಚಲಿಸೋದು, ಹರಡಿದ್ದು, ಚಿಪ್ಪಿನೊಳಗಿನದ್ದು, ಓರಣವಾಗಿರೋದು. ಇವು ಒಂದೇ ವಸ್ತುವಿನ ಆರು ಹೆಸರೋ, ಆರು ಬೇರೆ ಬೇರೆ ವಿಷಯವೋ ಅನ್ನೋದೇ ಅಸಲು ಪ್ರಶ್ನೆ.

ವಿಜ್ಞಾನಿಗಳು ವಿಶ್ವ ಅಂದಾಗ ಯಾವುದನ್ನ ಹೇಳ್ತಾರೆ?

ಹೆಚ್ಚಿನ ಸಲ ಕಾಣೋ ವಿಶ್ವವನ್ನ, ಅಂದ್ರೆ ಮೇಲೆ ಹೇಳಿದ ಲೋಕವನ್ನ. ಆದ್ರೆ ಮಾತಾಡ್ತಾ ಆಡ್ತಾ 'ಕಾಣೋ' ಅನ್ನೋ ಪದ ಬಿಟ್ಟು ಹೋಗ್ತದೆ, ಅಲ್ಲೇ ಗೊಂದಲ ಶುರುವಾಗೋದು.

ಕಾರವಾರದ ಮರಳಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ನಿಮ್ಮ ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದ್ರೆ ನೀರು ಆಕಾಶ ಸೇರೋ ಗೆರೆ ಇರೋದು ಬರೀ 4.5 ಕಿಲೋಮೀಟರ್ ದೂರದಲ್ಲಿ. ಐವತ್ತು ಮೀಟರ್ ಎತ್ತರದ ಗುಡ್ಡ ಹತ್ತಿದ್ರೆ ಅದೇ ಗೆರೆ ಸುಮಾರು 25 ಕಿಲೋಮೀಟರಿಗೆ ಸರೀತದೆ. ಹೊರಗೆ ಹೋಗೋ ಬೋಟಿನ ಹೊಟ್ಟೆ ಮೊದಲು ಮುಳುಗ್ತದೆ, ಆಮೇಲೆ ಕ್ಯಾಬಿನ್, ಕೊನೆಗೆ ಕಂಬದ ತುದಿ. ಬೋಟ್ ಎಲ್ಲೂ ಬೀಳಲಿಲ್ಲ ಅಂತ ದಡದಲ್ಲಿ ನಿಂತ ಹೆಂಡತಿ ಮಕ್ಕಳಿಗೆ ಗೊತ್ತು. ಗೆರೆ ಸಮುದ್ರದ್ದಲ್ಲ, ನೋಡೋನದ್ದು.

ವಿಶ್ವದಲ್ಲೂ ಹಂಗೇ ಒಂದು ಗೆರೆ ಇದೆ, ಅದು ಬೆಳಕಿಂದ ಆಗಿರೋದು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ, ಇಷ್ಟು ಟೈಮಲ್ಲಿ ನಮ್ಮ ತನಕ ಬಂದು ಮುಟ್ಟೋಕೆ ಯಾವ ಬೆಳಕಿಗೆ ಸಾಧ್ಯ ಆಯ್ತೋ ಅಷ್ಟು ದೂರ ಮಾತ್ರ ನಮಗೆ ಕಾಣೋದು. ಆಚೆಯ ಬೆಳಕು ಇನ್ನೂ ದಾರಿಯಲ್ಲಿದೆ. ಒಂದು ವ್ಯತ್ಯಾಸ ಮಾತ್ರ ಗಮನಿಸಿ, ಸಮುದ್ರದಲ್ಲಿ ಗುಡ್ಡ ಹತ್ತಿದ್ರೆ ಗೆರೆ ದೂರ ಆಗ್ತದೆ, ಬೋಟ್ ಹತ್ತಿ ಹೋದ್ರೂ ಆಗ್ತದೆ, ಇಲ್ಲಿ ಹತ್ತೋಕೆ ಗುಡ್ಡ ಇಲ್ಲ, ಕಾಯಬೇಕಷ್ಟೇ. ಕಾದ್ರೂ ಎಲ್ಲ ಬರಲ್ಲ, ಯಾಕಂದ್ರೆ ವಿಶ್ವ ಹಿಗ್ಗೋ ವೇಗ ಹೆಚ್ಚಾಗ್ತಾ ಇದೆ ಅಂತ 1998ರಲ್ಲಿ ಗೊತ್ತಾಯ್ತು, ಅದಕ್ಕೆ ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೆ 2011ರಲ್ಲಿ ನೊಬೆಲ್ ಬಂತು. ತೀರಾ ದೂರದ ಗ್ಯಾಲಕ್ಸಿಯಿಂದ ಇವತ್ತು ಹೊರಟ ಬೆಳಕು ಯಾವತ್ತಿಗೂ ನಮ್ಮನ್ನ ಮುಟ್ಟಲ್ಲ.

ಇನ್ನೊಂದು ಮಾತು, ಅಂಕೋಲಾದಲ್ಲಿ ನಿಂತವನ ಸಮುದ್ರದ ಗೆರೆ ಬೇರೆ, ಭಟ್ಕಳದಲ್ಲಿ ನಿಂತವನದ್ದು ಬೇರೆ. ಹಂಗೇ ಬೇರೆ ಗ್ಯಾಲಕ್ಸಿಯಲ್ಲಿ ನಿಂತು ನೋಡೋರು ಯಾರಾದ್ರೂ ಇದ್ರೆ ಅವರ ಕಾಣೋ ವಿಶ್ವ ನಮ್ಮದಲ್ಲ. ಹಾಗಾಗಿ ಕಾಣೋ ವಿಶ್ವ ಅನ್ನೋ ವ್ಯಾಖ್ಯೆಯಲ್ಲಿ 'ಯಾರಿಗೆ' ಅನ್ನೋದು ಯಾವಾಗ್ಲೂ ಸೇರಿರ್ತದೆ.

ವಯಸ್ಸು 1380 ಕೋಟಿ ವರ್ಷ ಅಂದ್ರೆ ಗೆರೆ 1380 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರಬೇಕಲ್ಲ?

ಅಲ್ಲ, ಸುಮಾರು 4650 ಕೋಟಿ ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಅಂದ್ರೆ ಬೆಳಕು ಒಂದು ವರ್ಷದಲ್ಲಿ ಹೋಗೋ ದೂರ). ಬೆಳಕು ಬರ್ತಾ ಇರುವಾಗ ದಾರಿಯೇ ಉದ್ದ ಆಯ್ತು, ಹೊರಟ ಜಾಗ ಈಗ ಅಷ್ಟು ದೂರ ಹೋಗಿದೆ. ಅಡ್ಡಳತೆ ಅಂದ್ರೆ 9300 ಕೋಟಿ ಜ್ಯೋತಿರ್ವರ್ಷ.

ಅಷ್ಟು ಹಿಂದಿನದ್ದು ನಿಜವಾಗ್ಲೂ ಕಾಣ್ತದಾ?

ಬಿಗ್ ಬ್ಯಾಂಗ್ ಆಗಿ ಸುಮಾರು 3,80,000 ವರ್ಷದ ನಂತರದ್ದು ಕಾಣ್ತದೆ, ಅದಕ್ಕಿಂತ ಮುಂಚಿನದ್ದು ಬೆಳಕಲ್ಲಿ ಕಾಣಲ್ಲ. ಆಗಸ್ಟಲ್ಲಿ ದೇವಿಮನೆ ಘಟ್ಟ ಹತ್ತಿದವರಿಗೆ ಇದು ಬೇಗ ಅರ್ಥ ಆಗ್ತದೆ, ಮಂಜಿನೊಳಗೆ ಹೆಡ್‌ಲೈಟ್ ಹಾಕಿದ್ರೂ ಬೆಳಕು ಅಲ್ಲೇ ಚದುರಿ ಬೆಳ್ಳಗೆ ಗೋಡೆ ಥರ ನಿಲ್ತದೆ. ಆಗ ವಿಶ್ವ ಇಡೀ ಕಾದ ಮಂಜು, ಬಿಡಿ ಎಲೆಕ್ಟ್ರಾನ್‌ಗಳು ಬೆಳಕನ್ನ ಮುಂದೆ ಹೋಗೋಕೆ ಬಿಡ್ತಿರಲಿಲ್ಲ. ತಣ್ಣಗಾಗಿ ಪರಮಾಣು ಕಟ್ಟಿಕೊಂಡ ಮೇಲೆ ಬೆಳಕು ಬಿಡುಗಡೆ ಆಯ್ತು. ಆ ಬೆಳಕು ಈಗ ಮೈಕ್ರೋವೇವ್ ಆಗಿ ಎಲ್ಲಾ ದಿಕ್ಕಿಂದ ಬರ್ತಿದೆ, ಅದರ ಉಷ್ಣತೆ 2.725 ಕೆಲ್ವಿನ್. ಪೆನ್ಜಿಯಾಸ್ ಮತ್ತು ವಿಲ್ಸನ್ ಅನ್ನೋ ಇಬ್ಬರು 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆಂಟೆನಾದ ಗದ್ದಲ ಅಂತ ಇದನ್ನ ಹಿಡಿದ್ರು. ಹಳೇ ಟಿವಿಯಲ್ಲಿ ಚಾನೆಲ್ ಬರದಿದ್ದಾಗ ಚುಕ್ಕಿ ಚುಕ್ಕಿ ಕುಣೀತಿತ್ತಲ್ಲ, ಅದರಲ್ಲೂ ಇದರ ಸಣ್ಣ ಪಾಲು ಇರ್ತಿತ್ತು.

ಆ ಗೆರೆಯಿಂದ ಆಚೆ ಏನಿದೆ? ವಿಶ್ವ ಅನಂತವಾ?

ಆಚೆಯೂ ಇದೇ ಥರ ಗ್ಯಾಲಕ್ಸಿಗಳಿವೆ ಅಂತ ನಂಬೋಕೆ ಒಳ್ಳೆ ಕಾರಣ ಇದೆ, ಯಾವ ದಿಕ್ಕಲ್ಲಿ ಗೆರೆ ಕಡೆ ನೋಡಿದ್ರೂ ವಿಶ್ವ ದೊಡ್ಡ ಅಳತೆಯಲ್ಲಿ ಒಂದೇ ಥರ ಇದೆ, ಅಂಚು ಬಂದ ಗುರುತು ಎಲ್ಲೂ ಇಲ್ಲ. ಎಲ್ಲಿಯವರೆಗೆ ಅನ್ನೋದು ಮಾತ್ರ ಅಳತೆಗೆ ಸಿಕ್ಕಿಲ್ಲ. ಜಾಗದ ಬಾಗು ಅಳೆದಿದ್ದಾರೆ, ಶೇಕಡಾ ಒಂದಕ್ಕಿಂತ ಕಡಿಮೆ ತಪ್ಪಿನಲ್ಲಿ ಅದು ಚಪ್ಪಟೆ. ಚಪ್ಪಟೆ ಅಂದ್ರೆ ಅನಂತ ಅಂತ ಕೆಲವರು ಬರೀತಾರೆ, ಅದು ಪೂರ್ತಿ ಸರಿಯಲ್ಲ. ಒಂದು ಕಾಗದವನ್ನ ಸುರುಳಿ ಸುತ್ತಿದ್ರೆ ಅದರ ಮೇಲೆ ಬರೆದ ತ್ರಿಕೋನದ ಲೆಕ್ಕ ಬದಲಾಗಲ್ಲ, ಆದ್ರೆ ಒಂದು ದಿಕ್ಕಲ್ಲಿ ಹೋದ ಇರುವೆ ಹೊರಟಲ್ಲಿಗೇ ವಾಪಸ್ ಬರ್ತದೆ. ವಿಶ್ವವೂ ಹಂಗೆ ಚಪ್ಪಟೆಯಾಗಿದ್ದೇ ಮುಗಿಯೋದು ಆಗಿರಬಹುದು.

ಹಿಗ್ತಾ ಇದೆ ಅಂತೀರಿ, ಯಾವುದರೊಳಗೆ ಹಿಗ್ತಾ ಇದೆ?

ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ. ಬಲೂನ್ ಉದಾಹರಣೆ ಕೊಟ್ಟು ಕೊಟ್ಟು ಜನರ ತಲೇಲಿ ಬಲೂನಿನ ಹೊರಗಿನ ಗಾಳಿ ಉಳಿದುಬಿಟ್ಟಿದೆ. ನಾನು ಹೈವೇ ಹೇಳ್ತೇನೆ. ಎರಡೂ ಕಡೆ ಕೊನೆಯೇ ಇಲ್ಲದ ಒಂದು ಹೆದ್ದಾರಿ, ಒಂದೊಂದು ಕಿಲೋಮೀಟರಿಗೆ ಒಂದು ಕಲ್ಲು. ನಾಳೆ ಎದ್ದು ನೋಡಿದ್ರೆ ಕಲ್ಲುಗಳ ಮಧ್ಯೆ ಎರಡು ಕಿಲೋಮೀಟರ್. ರಸ್ತೆ ನಿನ್ನೆಯೂ ಕೊನೆ ಇಲ್ಲದ್ದು, ಇವತ್ತೂ ಕೊನೆ ಇಲ್ಲದ್ದು, ಹೊಸ ಜಾಗ ಯಾರ ಗದ್ದೆಯಿಂದಲೂ ತಗೊಂಡಿಲ್ಲ. ಹಿಗ್ಗೋದು ಅಂದ್ರೆ ದೂರಗಳು ದೊಡ್ಡದಾಗೋದು. ಯಾವುದರೊಳಗೆ ಅಂತ ಕೇಳಿದ ಕೂಡ್ಲೆ ವಿಶ್ವಕ್ಕೆ ಆಚೆ ಮಗ್ಗುಲಿದೆ ಅಂತ ನಾವು ಮೊದಲೇ ಒಪ್ಪಿಕೊಂಡ ಹಾಗಾಯ್ತು. ಅಂದಹಾಗೆ ನೀವು, ಭೂಮಿ, ನಮ್ಮ ಗ್ಯಾಲಕ್ಸಿ ಹಿಗ್ತಾ ಇಲ್ಲ, ಇವನ್ನ ಗುರುತ್ವ ಮತ್ತು ಬೇರೆ ಬಲಗಳು ಗಟ್ಟಿಯಾಗಿ ಹಿಡಿದಿಟ್ಟಿವೆ.

ಮುಂಚೆ ನಮ್ಮ ಗ್ಯಾಲಕ್ಸಿಯನ್ನೇ ವಿಶ್ವ ಅಂತಿದ್ರಂತೆ, ಹೌದಾ?

ಹೌದು, ಅದೂ ನೂರು ವರ್ಷದ ಹಿಂದಿನ ಮಾತಷ್ಟೇ. 1920ರ ಏಪ್ರಿಲ್ 26ಕ್ಕೆ ವಾಷಿಂಗ್ಟನ್‌ನಲ್ಲಿ ಶಾಪ್ಲಿ ಮತ್ತು ಕರ್ಟಿಸ್ ಅನ್ನೋ ಇಬ್ಬರು ಖಗೋಳ ವಿಜ್ಞಾನಿಗಳು ಎದುರಾಬದುರು ನಿಂತು ವಾದ ಮಾಡಿದ್ರು. ಆಕಾಶಗಂಗೆಯೇ ಇಡೀ ವಿಶ್ವ ಅನ್ನೋದು ಶಾಪ್ಲಿ ಪಕ್ಷ, ಸುರುಳಿ ಮೋಡಗಳ ಥರ ಕಾಣೋವು ಹೊರಗಿನ ಬೇರೆ ದ್ವೀಪ ವಿಶ್ವಗಳು ಅನ್ನೋದು ಕರ್ಟಿಸ್ ಪಕ್ಷ. ಹೆನ್ರಿಯೆಟ್ಟಾ ಲೆವಿಟ್ ಅನ್ನೋ ಮಹಿಳೆ ಮಿಣುಕೋ ಸೆಫೀಡ್ ನಕ್ಷತ್ರಗಳಿಂದ ದೂರ ಅಳೆಯೋ ದಾರಿಯನ್ನ 1912ರಲ್ಲೇ ತೋರಿಸಿಕೊಟ್ಟಿದ್ರು, ಅದನ್ನ ಹಿಡಿದು ಹಬಲ್ ಅನ್ನೋ ಖಗೋಳ ವಿಜ್ಞಾನಿ, ಆಂಡ್ರೊಮೀಡಾ ಅನ್ನೋ ಸುರುಳಿ ಮೋಡದೊಳಗಿನ ಅಂಥ ನಕ್ಷತ್ರ ಅಳೆದ್ರು, ದೂರ ನಮ್ಮ ಗ್ಯಾಲಕ್ಸಿ ದಾಟಿ ಎಲ್ಲೋ ಹೋಯ್ತು. ಇವತ್ತಿನ ಲೆಕ್ಕದಲ್ಲಿ 25 ಲಕ್ಷ ಜ್ಯೋತಿರ್ವರ್ಷ.

ಇಲ್ಲಿ ಪದಕ್ಕೆ ಏನಾಯ್ತು ನೋಡಿ. 'ದ್ವೀಪ ವಿಶ್ವಗಳು' ಅಂತ ಬಹುವಚನದಲ್ಲಿ ಕರೀತಿದ್ದವಕ್ಕೆ ಗ್ಯಾಲಕ್ಸಿ ಅಂತ ಹೆಸರು ಬಂತು, ವಿಶ್ವ ಅನ್ನೋ ಪದ ಒಂದು ಮೆಟ್ಟಿಲು ಮೇಲೆ ಹತ್ತಿ ಮತ್ತೆ ಏಕವಚನ ಆಯ್ತು. ಎಲ್ಲ ಅಂತ ಅಂದ್ಕೊಂಡದ್ದು ಒಂದು ಭಾಗ ಅಂತ ಗೊತ್ತಾದಾಗ ಹೆಸರು ಎಲ್ಲಕ್ಕೇ ಉಳೀತದೆ, ಭಾಗಕ್ಕೆ ಹೊಸ ಹೆಸರು ಹುಡುಕ್ತೇವೆ.

ಹಂಗಾದ್ರೆ ಮಲ್ಟಿವರ್ಸ್ ಅನ್ನೋದು?

ನಮ್ಮದರ ಹಾಗೆ ಇನ್ನೂ ಹಲವು ವಿಶ್ವಗಳಿವೆ ಅನ್ನೋ ಕಲ್ಪನೆ ಅದು. ಅದೇ ಕಥೆ ಮತ್ತೆ ಒಂದು ಸುತ್ತು ಬರ್ತಿದೆ, ಈ ಸಲ ಅಳೆಯೋಕೆ ಸೆಫೀಡ್ ಇಲ್ಲ, ಅಷ್ಟೇ ವ್ಯತ್ಯಾಸ, ಆದ್ರೆ ಅದು ಬಹಳ ದೊಡ್ಡ ವ್ಯತ್ಯಾಸ. ಮಲ್ಟಿವರ್ಸ್ ಅಂತ ಒಂದೇ ಹೆಸರಲ್ಲಿ ಕರೆಯೋವು ಬೇರೆ ಬೇರೆ. 1957ರಲ್ಲಿ ಭೌತವಿಜ್ಞಾನಿ ಎವರೆಟ್ ಹೇಳಿದ್ದು ಪರಮಾಣು ಮಟ್ಟದ ಕ್ವಾಂಟಮ್ ಲೆಕ್ಕದ ಕವಲುಗಳ ಬಗ್ಗೆ. ವಿಶ್ವ ಶುರುವಲ್ಲಿ ಕ್ಷಣದೊಳಗೆ ಭಾರೀ ಹಿಗ್ಗಿತು ಅಂತ ಅಲನ್ ಗುತ್ 1981ರಲ್ಲಿ ಮುಂದಿಟ್ಟ ಇನ್‌ಫ್ಲೇಶನ್ನಿಂದ ಬೆಳೆದದ್ದು ಗುಳ್ಳೆ ಗುಳ್ಳೆ ವಿಶ್ವಗಳ ಚಿತ್ರ. ಇವೆರಡನ್ನ ಕಲಸಬೇಡಿ. ನನ್ನ ಅಭಿಪ್ರಾಯ ಕೇಳಿದ್ರೆ, ಸಮೀಕರಣದಿಂದ ಬಂತು ಅನ್ನೋದೇ ಇದೆ ಅನ್ನೋಕೆ ಸಾಲದು, ನೋಡಿ ತಿಳಿಯೋ ಒಂದು ದಾರಿ ಸಿಗೋ ತನಕ ಅದನ್ನ ಊಹೆ ಅಂತಲೇ ಕರೀಬೇಕು. ಸಿಕ್ಕಿದ ದಿನ ವಿಶ್ವ ಅನ್ನೋ ಪದ ಇನ್ನೊಂದು ಮೆಟ್ಟಿಲು ಹತ್ತುತ್ತದೆ.

ಕಾಣದೇ ಇರೋ ಡಾರ್ಕ್ ಮ್ಯಾಟರ್ ವಿಶ್ವದಲ್ಲಿದೆ ಅಂತ ಹೆಂಗೆ ಹೇಳ್ತಾರೆ?

ಅದರ ಎಳೆತದಿಂದ. ಗ್ಯಾಲಕ್ಸಿಗಳು ತಿರುಗೋ ರೀತಿ, ದೂರದ ಬೆಳಕು ಬಾಗೋ ರೀತಿ ಎರಡಕ್ಕೂ ಕಾಣೋ ವಸ್ತುವಿನ ತೂಕ ಸಾಲಲ್ಲ. ಈಗಿನ ಲೆಕ್ಕದಲ್ಲಿ ನಾವು ನೀವು ನಕ್ಷತ್ರ ಅನಿಲ ಎಲ್ಲ ಸೇರಿ ಶೇಕಡಾ 5, ಡಾರ್ಕ್ ಮ್ಯಾಟರ್ 27, ಹಿಗ್ಗೋ ವೇಗ ಹೆಚ್ಚಿಸ್ತಿರೋ ಡಾರ್ಕ್ ಎನರ್ಜಿ 68.

ಎಡಿಂಗ್ಟನ್ ಅನ್ನೋ ವಿಜ್ಞಾನಿ 1939ರಲ್ಲಿ ಬಲೆಯ ಉದಾಹರಣೆ ಕೊಟ್ಟಿದ್ರು, ಎರಡು ಇಂಚಿನ ಕಣ್ಣಿನ ಬಲೆ ಹಾಕೋನು ಸಮುದ್ರದಲ್ಲಿ ಎರಡು ಇಂಚಿಗಿಂತ ಸಣ್ಣ ಜೀವವೇ ಇಲ್ಲ ಅಂತ ಬರೆದ ಹಾಗೆ ನಮ್ಮ ಉಪಕರಣಗಳು ಅಂತ. ನಾನಿದನ್ನ ಬೀಚಲ್ಲಿ ಹೇಳಿದಾಗ ರಂಪಣಿ, ಅಂದ್ರೆ ದಡದಿಂದ ಹತ್ತಾರು ಜನ ಸೇರಿ ಎಳೆಯೋ ದೊಡ್ಡ ಬಲೆ, ಎಳೆದು ಎಳೆದು ಅಂಗೈ ಕಲ್ಲಾಗಿದ್ದ ಒಬ್ಬ ಹಿರಿಯರು ಒಪ್ಪಲಿಲ್ಲ. ಯಾವ ಮೀನುಗಾರನೂ ಹಂಗೆ ಹೇಳಲ್ಲ, ಬಂಗಡೆ ಬಲೆಗೆ ಬರದಿದ್ರೂ ನೀರಿನ ಬಣ್ಣ ಮತ್ತು ಮೇಲೆ ಸುತ್ತೋ ಹಕ್ಕಿ ನೋಡಿದ್ರೆ ಇದೆಯಾ ಇಲ್ವಾ ಗೊತ್ತಾಗ್ತದೆ ಅಂದ್ರು. ಡಾರ್ಕ್ ಮ್ಯಾಟರ್ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿವರಣೆ ಅದು. ಇನ್ನೂ ಬಲೆಗೆ ಬಿದ್ದಿಲ್ಲ, ಹಕ್ಕಿಗಳು ಸುತ್ತುತ್ತಾ ಇವೆ.

ವಿಶ್ವ ಅಂದ್ರೆ ಒಳಗಿರೋ ವಸ್ತುಗಳ ಲಿಸ್ಟ್ ಅಂದ್ರೆ ಸಾಕಲ್ವಾ?

ಅದೇ ರಂಪಣಿಯನ್ನ ತಗೊಳ್ಳಿ. ಬಲೆ, ಹಗ್ಗ, ದೋಣಿ, ಐವತ್ತು ಅರವತ್ತು ಜನ, ಮೀನು ಅಂತ ಲಿಸ್ಟ್ ಬರೆದ್ರೆ ರಂಪಣಿ ಬಂತಾ? ಯಾರು ಯಾವ ಹಗ್ಗ ಯಾವಾಗ ಎಳೆದ್ರು ಅನ್ನೋದು ಸೇರಿದ್ರೆ ಮಾತ್ರ ಬರ್ತದೆ. ತತ್ವಜ್ಞಾನಿ ವಿಟ್ಗೆನ್‌ಸ್ಟೈನ್ 1921ರಲ್ಲಿ ಹೇಳಿದ್ದು ಇದನ್ನೇ, ಜಗತ್ತು ವಸ್ತುಗಳ ಮೊತ್ತ ಅಲ್ಲ, ಸಂಗತಿಗಳ ಮೊತ್ತ ಅಂತ. ಇರೋದನ್ನೆಲ್ಲ ಬಗೆ ಬಗೆಯಾಗಿ ವಿಂಗಡಿಸಿದ ನಮ್ಮ ವೈಶೇಷಿಕ ದರ್ಶನದವರ ಪಟ್ಟಿಯಲ್ಲೂ ದ್ರವ್ಯ, ಅಂದ್ರೆ ವಸ್ತು, ಏಳರಲ್ಲಿ ಒಂದು ಮಾತ್ರ, ಗುಣ, ಕ್ರಿಯೆ, ಸಂಬಂಧ ಎಲ್ಲ ಬೇರೆ ಬೇರೆ ಪದಾರ್ಥ, ಕೊನೆಯದ್ದಂತೂ ಅಭಾವ, ಇಲ್ಲದಿರೋದು. ಬುಟ್ಟಿಯಲ್ಲಿ ಮೀನಿಲ್ಲ ಅನ್ನೋದೂ ವಿಶ್ವದ ಒಂದು ಸಂಗತಿ ತಾನೆ.

ಎಲ್ಲದರ ಲಿಸ್ಟ್ ಅನ್ನೋದಕ್ಕೆ ಗಣಿತದಲ್ಲೂ ಒಂದು ಪೆಟ್ಟು ಬಿದ್ದಿದೆ. ಲೈಬ್ರರಿಯಲ್ಲಿ ಪಟ್ಟಿ ಪುಸ್ತಕಗಳಿವೆ ಅಂದ್ಕೊಳ್ಳಿ, ಕೆಲವು ತಮ್ಮ ಹೆಸರನ್ನೂ ತಮ್ಮೊಳಗೆ ಬರೆದುಕೊಂಡಿವೆ, ಕೆಲವು ಇಲ್ಲ. ತಮ್ಮ ಹೆಸರು ಬರೆದುಕೊಳ್ಳದ ಪಟ್ಟಿಗಳದ್ದೇ ಒಂದು ಪಟ್ಟಿ ಮಾಡಿ. ಅದು ತನ್ನ ಹೆಸರು ಬರ್ಕೊಳ್ಳಬೇಕಾ? ಬರ್ಕೊಂಡ್ರೆ ಬರ್ಕೊಳ್ಳಬಾರದು, ಬರ್ಕೊಳ್ಳದಿದ್ರೆ ಬರ್ಕೊಳ್ಳಬೇಕು. ಬರ್ಟ್ರಂಡ್ ರಸೆಲ್ ಅನ್ನೋ ತರ್ಕಶಾಸ್ತ್ರಜ್ಞ 1901ರಲ್ಲಿ ಕಂಡ ಗಂಟು ಇದು. ಆಮೇಲೆ ಗಣಿತದವರು ಎಲ್ಲ ಗಣಗಳ (ಸೆಟ್‌ಗಳ) ಗಣ ಅನ್ನೋದನ್ನೇ ಕೈಬಿಟ್ರು. ಭೌತಿಕ ವಿಶ್ವಕ್ಕೆ ಇದು ನೇರ ಅನ್ವಯ ಆಗಲ್ಲ, ಆದ್ರೆ 'ಎಲ್ಲ' ಅನ್ನೋ ಪದ ನಾವು ಅಂದ್ಕೊಂಡಷ್ಟು ಸಾಧು ಅಲ್ಲ ಅಂತ ಇದರಿಂದ ಕಲಿತೆ.

ಬಿಗ್ ಬ್ಯಾಂಗ್‌ಗಿಂತ ಮುಂಚೆ ಏನಿತ್ತು? ವೇದದಲ್ಲಿ ಬಿಗ್ ಬ್ಯಾಂಗ್ ಇದೆಯಂತೆ?

ಮೊದಲನೆಯದ್ದಕ್ಕೆ ಐನ್‌ಸ್ಟೈನ್ ಸಮೀಕರಣ ಅಲ್ಲಿಯವರೆಗೆ ಹೋಗಿ ಕೆಲಸ ಮಾಡಲ್ಲ, ಗುರುತ್ವವನ್ನೂ ಕ್ವಾಂಟಮನ್ನೂ ಸೇರಿಸೋ ಸಿದ್ಧಾಂತ ಬೇಕು, ಅದು ಇನ್ನೂ ಕೈಗೆ ಬಂದಿಲ್ಲ. 'ಮುಂಚೆ' ಅನ್ನೋ ಪದಕ್ಕೇ ಅಲ್ಲಿ ಅರ್ಥ ಇದೆಯಾ ಅನ್ನೋದೂ ತೀರ್ಮಾನ ಆಗಿಲ್ಲ.

ಎರಡನೆಯದ್ದಕ್ಕೆ, ಇಲ್ಲ. ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತ, ನಾಸದೀಯ ಸೂಕ್ತ, ಏಳೇ ಏಳು ಮಂತ್ರ. ಆಗ ಇರೋದೂ ಇರಲಿಲ್ಲ ಇಲ್ಲದ್ದೂ ಇರಲಿಲ್ಲ ಅಂತ ಶುರುವಾಗಿ, ಇದೆಲ್ಲ ಎಲ್ಲಿಂದ ಬಂತು ಅಂತ ಮೇಲಿಂದ ನೋಡೋನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಅಂತ ನಿಲ್ತದೆ. ಅದನ್ನ ಒಂದು ವೈಜ್ಞಾನಿಕ ಉತ್ತರ ಅಂತ ಮಾಡಿದ್ರೆ ಅದರ ದೊಡ್ಡತನವೇ ಹೋಯ್ತು. ಅದು ಪ್ರಶ್ನೆ, ಮತ್ತೆ ಪ್ರಾಮಾಣಿಕ ಪ್ರಶ್ನೆ.

ನಮ್ಮ ಕಡೆ ತತ್ವಶಾಸ್ತ್ರದಲ್ಲಿ ವಿಶ್ವಕ್ಕೆ ಏನು ಹೇಳಿದ್ದಾರೆ?

ಶಿರಸಿಯಿಂದ ಸುಮಾರು 20 ಕಿಲೋಮೀಟರ್ ಹೋದ್ರೆ ಸೋಂದಾ. ಅಲ್ಲಿ ಹತ್ತಿರ ಹತ್ತಿರದಲ್ಲೇ ಮೂರು ಮಠ ಇವೆ, ವಾದಿರಾಜರ ಸೋದೆ ಮಠ ದ್ವೈತದ್ದು, ಸ್ವರ್ಣವಲ್ಲಿ ಅದ್ವೈತದ್ದು, ಸ್ವಾದಿ ಜೈನ ಮಠ. ಬೈಕಲ್ಲಿ ಒಂದು ಬೆಳಿಗ್ಗೆ ಮೂರನ್ನೂ ನೋಡಿ ಊಟಕ್ಕೆ ಮನೆಗೆ ಬರಬಹುದು, ಆದ್ರೆ ಜಗತ್ತು ಅಂದ್ರೆ ಏನು ಅಂತ ಕೇಳಿದ್ರೆ ಮೂರು ಪೂರಾ ಬೇರೆ ಉತ್ತರ.

ಅದ್ವೈತದಲ್ಲಿ ಜಗತ್ತು ಮಿಥ್ಯೆ. ಮಿಥ್ಯೆ ಅಂದ್ರೆ ಸುಳ್ಳು ಅಂತ ತಿಳ್ಕೊಳ್ಳೋದು ತಪ್ಪು. ಮೊಲದ ಕೊಂಬಿನ ಥರ ಇಲ್ಲವೇ ಇಲ್ಲ ಅನ್ನೋಕೆ ಆಗಲ್ಲ, ಕಾಣ್ತದಲ್ಲ. ಬ್ರಹ್ಮದ ಥರ ಯಾವತ್ತೂ ಇದೆ ಅನ್ನೋಕೂ ಆಗಲ್ಲ, ಜ್ಞಾನ ಬಂದ್ರೆ ಬಾಧಿತ, ಅಂದ್ರೆ ರದ್ದು, ಆಗ್ತದಲ್ಲ. ಇದೆ ಅಂತಲೂ ಇಲ್ಲ ಅಂತಲೂ ನಿರ್ವಚನ ಮಾಡೋಕೆ ಬಾರದ್ದು, ಅನಿರ್ವಚನೀಯ. ವ್ಯಾಖ್ಯೆಗೆ ಸಿಗದಿರೋದೇ ಇಲ್ಲಿ ಅದರ ಶಾಸ್ತ್ರೀಯ ಹೆಸರು, ಗೊತ್ತಿಲ್ಲ ಅಂತ ಕೈಚೆಲ್ಲಿದ್ದಲ್ಲ.

ದ್ವೈತದಲ್ಲಿ ಜಗತ್ತು ಸತ್ಯ. ಮಧ್ವರು ಪ್ರಪಂಚ ಅನ್ನೋ ಪದವನ್ನೇ ಬಿಡಿಸಿ ಐದು ಬಗೆಯ ಭೇದ ಅಂತ ಅರ್ಥ ಹೇಳಿದ್ರು, ಈಶ್ವರನಿಗೂ ಜೀವಕ್ಕೂ, ಈಶ್ವರನಿಗೂ ಜಡಕ್ಕೂ, ಜೀವ ಜೀವಕ್ಕೆ, ಜೀವಕ್ಕೂ ಜಡಕ್ಕೂ, ಜಡ ಜಡಕ್ಕೆ. ಹಸು ಎಮ್ಮೆ ಪಾಠ ನೆನಪಿಸಿಕೊಳ್ಳಿ, ವ್ಯಾಖ್ಯೆಗೆ ಭೇದ ಬೇಕು, ವಿಶ್ವದ ಹೊರಗೆ ಭೇದ ಸಿಗಲ್ಲ. ಇಲ್ಲಿ ಭೇದವನ್ನ ಒಳಗೇ ಕಂಡು ಅದನ್ನೇ ಪ್ರಪಂಚ ಅಂದ್ರು. ಎಷ್ಟು ಸಲ ಯೋಚಿಸಿದ್ರೂ ನಂಗೆ ಇದು ಮೈ ಜುಮ್ಮೆನ್ನೋ ಮಾತು.

ಜೈನರು ಬೇಲಿಯನ್ನೇ ಹಾಕಿದ್ರು. ಲೋಕಕ್ಕೆ ಆಕಾರ ಇದೆ, ಕಾಲು ಅಗಲಿಸಿ ಸೊಂಟಕ್ಕೆ ಕೈ ಇಟ್ಟು ನಿಂತ ಮನುಷ್ಯನ ಹಾಗೆ, ಎತ್ತರ 14 ರಜ್ಜು, ರಜ್ಜು ಅಂದ್ರೆ ಅವರ ಬಹಳ ದೊಡ್ಡ ಒಂದು ಅಳತೆ. ಅದರ ಹೊರಗೆ ಕೊನೆಯಿಲ್ಲದ ಅಲೋಕ, ಬರೀ ಆಕಾಶ. ಅಲ್ಲಿಗೆ ಯಾರೂ ಯಾಕೆ ಹೋಗೋಕೆ ಆಗಲ್ಲ ಅಂದ್ರೆ ಚಲನೆಗೆ ಆಧಾರವಾದ ಧರ್ಮ ಅನ್ನೋ ದ್ರವ್ಯ, ನಿಲ್ಲೋಕೆ ಆಧಾರವಾದ ಅಧರ್ಮ ಅನ್ನೋ ದ್ರವ್ಯ ಎರಡೂ ಅಲ್ಲಿಲ್ಲ. ಇದು ಈಗಿನ ಖಗೋಳ ವಿಜ್ಞಾನ ಅಂತ ನಾನು ಹೇಳ್ತಿಲ್ಲ, ಎರಡರ ಅಳತೆಯೂ ಬೇರೆ ಉದ್ದೇಶವೂ ಬೇರೆ. ಆದ್ರೆ ಲೋಕದ ಗಡಿಯನ್ನ ಗೋಡೆಯಿಂದ ಹೇಳದೆ, ಚಲನೆ ಎಲ್ಲಿ ಸಾಧ್ಯ ಅನ್ನೋದರಿಂದ ಹೇಳಿದ ಆ ಯೋಚನೆ ತುಂಬಾ ಆಳದ್ದು.

ಬುದ್ಧ ಈ ಪ್ರಶ್ನೆಗೆ ಉತ್ತರವೇ ಕೊಡಲಿಲ್ಲ ಅಂತಾರಲ್ಲ?

ಲೋಕ ಶಾಶ್ವತವೋ ಅಲ್ಲವೋ, ಅದಕ್ಕೆ ಕೊನೆ ಇದೆಯೋ ಇಲ್ಲವೋ ಅಂತ ಮಾಲುಂಕ್ಯಪುತ್ತ ಅನ್ನೋ ಭಿಕ್ಷು ಕೇಳಿದಾಗ ಬುದ್ಧ ಬಾಣ ಚುಚ್ಚಿಸಿಕೊಂಡವನ ಕಥೆ ಹೇಳಿದ. ಬಿಟ್ಟವನ ಜಾತಿ ಯಾವುದು, ಬಿಲ್ಲು ಯಾವುದು ಅಂತ ತಿಳಿಯೋ ತನಕ ಬಾಣ ಕೀಳಬೇಡಿ ಅಂದ್ರೆ ಅವನು ಸಾಯ್ತಾನೆ. ಎಷ್ಟೋ ಶತಮಾನದ ನಂತರ 1781ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಬೇರೆ ದಾರಿಯಿಂದ ಅದೇ ಪ್ರಶ್ನೆಗಳ ಹತ್ರ ಬಂದ, ವಿಶ್ವಕ್ಕೆ ಆದಿ ಇದೆ ಅಂತಲೂ ಸಾಧಿಸಬಹುದು ಇಲ್ಲ ಅಂತಲೂ ಸಾಧಿಸಬಹುದು, ಯಾಕಂದ್ರೆ ಇಡೀ ವಿಶ್ವ ಅನ್ನೋದು ಯಾವತ್ತೂ ನಮ್ಮ ಅನುಭವಕ್ಕೆ ಬರೋ ವಸ್ತು ಅಲ್ಲ ಅಂದ.

ನಮ್ಮ ಜಿಲ್ಲೆಯ ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋದ್ರೆ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ಹೊಡೆದು ಕಾಲು ಅಪ್ಪಳಿಸಿ ವಾದ ಮಾಡೋದು ನೋಡಬಹುದು. ಅಲ್ಲಿನ ಡ್ರೆಪುಂಗ್ ಮಠದಲ್ಲೇ 2013ರ ಜನವರಿಯಲ್ಲಿ ದಲೈ ಲಾಮಾ ಮತ್ತು ವಿಜ್ಞಾನಿಗಳು ದಿನಗಟ್ಟಲೆ ಕೂತು ಮಾತಾಡಿದ್ರು.

ನಾವು ನೋಡದಿದ್ರೂ ವಿಶ್ವ ಇರ್ತದಾ?

ಈ ಪ್ರಶ್ನೆಗೆ ಕಾರವಾರದ ನಂಟಿದೆ. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ರು, 1883ರಲ್ಲಿ 22 ವರ್ಷದ ರವೀಂದ್ರ ಇಲ್ಲಿಗೆ ಬಂದು ಉಳಿದ್ರು, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದ್ರು. ಇಲ್ಲೇ ಒಂದು ನಾಟಕ ಬರೆದ್ರು, ಜಗತ್ತಿನ ಎಲ್ಲ ಬಂಧ ಕಡಿದುಕೊಂಡೆ ಅಂತ ತಿಳಿದ ಸಂನ್ಯಾಸಿಯನ್ನ ಒಂದು ಸಣ್ಣ ಹುಡುಗಿಯ ಪ್ರೀತಿ ವಾಪಸ್ ಎಳೆದು ತರೋ ಕಥೆ. ಬೀಚಿಗೆ ಅವರ ಹೆಸರೇ ಇದೆ.

47 ವರ್ಷದ ನಂತರ, 1930ರ ಜುಲೈ 14ಕ್ಕೆ, ಬರ್ಲಿನ್ ಹತ್ರದ ಕಾಪುತ್ ಊರಲ್ಲಿ ಐನ್‌ಸ್ಟೈನ್ ಮನೆಯಲ್ಲಿ ಇಬ್ಬರೂ ಕೂತು ಇದೇ ಮಾತಾಡಿದ್ರು. ವಿಶ್ವದ ಬಗ್ಗೆ ಎರಡು ಕಲ್ಪನೆ ಇವೆ, ಮನುಷ್ಯನನ್ನ ಅವಲಂಬಿಸಿದ ಏಕತೆ ಒಂದು, ಮನುಷ್ಯನ ಹಂಗಿಲ್ಲದ ವಾಸ್ತವ ಇನ್ನೊಂದು, ಅಂದ್ರು ಐನ್‌ಸ್ಟೈನ್. ಇದು ಮನುಷ್ಯರ ವಿಶ್ವವೇ, ಮನುಷ್ಯನಿಂದ ಬೇರೆಯಾಗಿ ಜಗತ್ತಿಲ್ಲ ಅನ್ನೋದು ಟಾಗೋರರ ಪಕ್ಷ. ಸೌಂದರ್ಯದ ವಿಷಯದಲ್ಲಿ ಐನ್‌ಸ್ಟೈನ್ ಒಪ್ಪಿದ್ರು, ನೋಡೋರಿಲ್ಲದಿದ್ರೆ ಶಿಲ್ಪದ ಚೆಲುವು ಇಲ್ಲ. ಸತ್ಯದ ವಿಷಯದಲ್ಲಿ ಒಪ್ಪಲಿಲ್ಲ, ಮನೇಲಿ ಯಾರೂ ಇಲ್ಲದಿದ್ರೂ ಆ ಮೇಜು ಅಲ್ಲೇ ಇರ್ತದೆ ಅಂದ್ರು.

ನಾನು ಮೇಜಿನ ಪಕ್ಷ. 25 ಲಕ್ಷ ವರ್ಷದ ಹಿಂದೆ ಆಂಡ್ರೊಮೀಡಾದಿಂದ ಬೆಳಕು ಹೊರಟಾಗ ನಮ್ಮಂಥ ಮನುಷ್ಯರು ಇನ್ನೂ ಇರಲಿಲ್ಲ, ಆದ್ರೂ ಅದು ಹೊರಟಿತು. ಆದ್ರೆ ಅದನ್ನ 'ಎಲ್ಲ' ಅಂತ ಒಟ್ಟು ಮಾಡಿ ಒಂದು ಹೆಸರಿಟ್ಟದ್ದು ಯಾರು ಅಂತ ಕೇಳಿದಾಗ ಟಾಗೋರರ ಮಾತು ಮತ್ತೆ ಎದುರಿಗೆ ಬಂದು ಕೂರ್ತದೆ, ಅದನ್ನ ಪೂರ್ತಿ ತಳ್ಳಿಹಾಕೋಕೆ ನನ್ನಿಂದ ಆಗಿಲ್ಲ.

ಮಕ್ಕಳು ಕೇಳಿದ್ರೆ ಏನು ಹೇಳಲಿ?

ಕಾಣೋ ವಿಶ್ವದಿಂದ ಶುರು ಮಾಡಿ, ಅಂಗಳ, ಊರು, ಭೂಮಿ, ಸೂರ್ಯ, ಗ್ಯಾಲಕ್ಸಿ, ಗೆರೆ. ಗೆರೆಯಾಚೆ ಅಂತ ಕೇಳಿದ್ರೆ ಅಲ್ಲಿಂದ ಬೆಳಕು ಇನ್ನೂ ಬಂದಿಲ್ಲ ಅನ್ನಿ. ಸುಳ್ಳು ಹೇಳಿ ಮುಗಿಸಬೇಡಿ.

ನಾವೂ ನೋಡೋಕೆ ಬರಬಹುದಾ?

ಖಂಡಿತ. ನವೆಂಬರ್‌ನಿಂದ ಫೆಬ್ರವರಿ ತನಕ ಒಳ್ಳೇದು. ಟಾರ್ಚ್ ತಂದ್ರೆ ಅದಕ್ಕೆ ಕೆಂಪು ಕಾಗದ ಕಟ್ಟಿ, ಮೊಬೈಲ್ ಆರಿಸಿ ಇಪ್ಪತ್ತು ನಿಮಿಷ ಸುಮ್ಮನೆ ಕೂತ್ರೆ ಕಣ್ಣು ಕತ್ತಲಿಗೆ ಹೊಂದಿಕೊಳ್ತದೆ. ನವೆಂಬರಲ್ಲಿ ರಾತ್ರಿ ಎಂಟೂವರೆ ಹೊತ್ತಿಗೆ ಉತ್ತರದ ಕಡೆ ಎತ್ತರದಲ್ಲಿ ಆಂಡ್ರೊಮೀಡಾ ಇರ್ತದೆ, ಊರಿನ ಲೈಟಿಗೆ ಬೆನ್ನು ಹಾಕಿ ನಿಂತು ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಬೇಕು, ಕನ್ನಡಕದ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಸುಕು ಕಲೆ. 1920ರಲ್ಲಿ ಜಗಳ ಆದದ್ದು ಆ ಕಲೆಯಂಥವುಗಳ ಬಗ್ಗೆಯೇ. ಚಾಪೆ ತನ್ನಿ, ಎಂಟರ ಮೇಲೆ ಮರಳು ತಣ್ಣಗಿರ್ತದೆ.